ಮಸಿ ಹಚ್ಚಿದ ಕೈ

ಬಾಳಾಸಾಹೇಬನ ಫೋನು ಬಂದಾಗ ರಘುವೀರ ಗಲಗಲಿ ಊಟಕ್ಕೆ ಕೂತಿದ್ದ. ಭಾನುವಾರದ ಮಧ್ಯಾಹ್ನ. ತಾಟಿನಲ್ಲಿ ಬಿಸಿ ಭಕ್ಕರಿ, ಹೆಸರುಕಾಳಿನ ಪಲ್ಯ, ಗುರೆಳ್ಳಿನ ಚಟ್ನಿ. ಎದುರಿಗೆ ತಾಯಿ ವತ್ಸಲಾಬಾಯಿ ಮಜ್ಜಿಗೆ ಅನ್ನ ಕಲಸುತ್ತಿದ್ದರು. ಎಡಗೈಯಲ್ಲಿ ಫೋನು ಹಿಡಿದು ಮಾತಾಡುತ್ತ ಹೋದಂತೆ ರಘುವೀರನ ಬೆನ್ನು ನೆಟ್ಟಗಾಯಿತು.

"ಆತ್ರಿ, ಆತು. ಅದೇನ್ ದೊಡ್ಡ ಮಾತಲ್ಲ ಬಿಡ್ರಿ. ಒಂದ್ ತಾಸಲ್ಲ, ಎರಡ್ ತಾಸು ಕೂಡತೀನಿ."

ಫೋನು ಕೆಳಗಿಟ್ಟು ಎಲ್ಲರನ್ನೂ ನೋಡಿದ. "ಮುಂದಿನ ತಿಂಗಳ ಬನಹಟ್ಟಿಯೊಳಗ ದೊಡ್ಡ ಆಟ ಇಟ್ಟಾರ. ಪುಣೆ, ಕೊಲ್ಹಾಪುರ, ಸೊಲ್ಲಾಪುರದಿಂದ ಮಂದಿ ಬರೋರಿದ್ದಾರ. ಅವರೆಲ್ಲಾರ ಎದುರು ಕೂತು ಒಂದು ಬಂಡಿಗೆ ಬಣ್ಣಾ ಹಚ್ಚಿ ತೋರಸಬೇಕಂತ."

ಒಲೆಯ ಮುಂದೆ ಭಕ್ಕರಿ ಬಡಿಯುತ್ತಿದ್ದ ಹೆಂಡತಿ ಹರಿಪ್ರಿಯಾಳ ಕೈ ನಿಂತಿತು. "ಯಾರು ಹಚ್ಚಿ ತೋರಸಬೇಕಂತ?"

"ನಾ."

ಅವಳು ಹಿಟ್ಟಿನ ಕಡೆ ತಿರುಗಿದಳು. ವತ್ಸಲಾಬಾಯಿ ಮಾತ್ರ ಮಗನ ತಾಟನ್ನು ನೋಡುತ್ತ ಅಂದರು, "ಪಲ್ಯ ಬಾಯಿಗೆ ಹೋಗೂದ್ರಾಗ ಅರ್ಧ ಧೋತರದ ಮ್ಯಾಲ ಬೀಳತದ. ಇವನು ಮಂದಿ ಮುಂದ ಬಣ್ಣಾ ಹಚ್ಚತಾನಂತ."

"ಆಯೀ, ಊಟ ಮಾಡಲಿಕ್ಕೆ ಬಿಡತೀಯೋ ಇಲ್ಲೋ?"

"ಮಾಡಪಾ, ಯಾರು ಬ್ಯಾಡಂದ್ರು," ಎಂದು ಮುದುಕಿ ಅನ್ನದ ತುತ್ತು ಬಾಯಿಗಿಟ್ಟರು.

ರಘುವೀರನಿಗೆ ಐವತ್ತೆರಡು. ಜಮಖಂಡಿಯ ಭೂಮಾಪನ ಕಚೇರಿಯಲ್ಲಿ ಇಪ್ಪತ್ತೇಳು ವರ್ಷದಿಂದ ನಕ್ಷೆ ಬರೆಯುವ ಕೆಲಸ. ಹಿಂದೆ ಹೊಲದ ಗಡಿ, ಬಾವಿ, ಬಂಡಿದಾರಿ ಎಲ್ಲವನ್ನೂ ಅವನು ಕೂದಲೆಳೆಯಷ್ಟು ತೆಳ್ಳನೆ ಗೆರೆಯಲ್ಲಿ ಕೈಯಿಂದ ಎಳೆಯುತ್ತಿದ್ದ. ತಾಲೂಕಿನಲ್ಲಿ ಅವನ ಗೆರೆಗೆ ಹೆಸರಿತ್ತು. ಕಂಪ್ಯೂಟರು ಬಂದ ಮೇಲೆ ಆ ಪೆನ್ನುಗಳು ಡಬ್ಬಿಯಲ್ಲಿ ಒಣಗಿದವು. ಅದೇ ಹೊತ್ತಿಗೆ ಬನಹಟ್ಟಿಯ ಬಾಳಾಸಾಹೇಬನ ಪರಿಚಯವಾಯಿತು. ಪವರ್‌ಲೂಮಿನ ಮಾಲಕ. ಪುಣೆಯಲ್ಲಿ ಓದುವಾಗ ಯುದ್ಧದಾಟದ ಹುಚ್ಚು ಹತ್ತಿಸಿಕೊಂಡು ಬಂದವನು. ತನ್ನ ಮಗ್ಗದ ಶೆಡ್ಡಿನ ಮಾಳಿಗೆಯ ಮೇಲೆ ಉದ್ದನೆಯ ಮೇಜು ಹಾಕಿಸಿ, ಅದರ ಮೇಲೆ ಗುಡ್ಡ, ಹಳ್ಳ, ಸೇತುವೆ ಮಾಡಿಸಿದ್ದ. ತಿಂಗಳಿಗೊಮ್ಮೆ ಹತ್ತಾರು ಗಂಡಸರು ಸೇರಿ, ಎರಡು ಪಕ್ಷವಾಗಿ, ಹೆಬ್ಬೆರಳುದ್ದದ ಟ್ಯಾಂಕು ಲಾರಿಗಳನ್ನು ಟೇಪಿನಲ್ಲಿ ಅಳೆದು ಸರಿಸುವುದು, ದಾಳ ಹಾಕಿ ಯಾರ ಗುಂಡು ಯಾರಿಗೆ ತಾಗಿತೆಂದು ತೀರ್ಮಾನಿಸುವುದು. ಎಂಬತ್ತು ವರ್ಷದ ಹಿಂದಿನ ಮಹಾಯುದ್ಧ ಅಲ್ಲಿ ಒಂದು ಮಧ್ಯಾಹ್ನದಲ್ಲಿ ಮುಗಿಯುತ್ತಿತ್ತು.

ಬಾಳಾಸಾಹೇಬನಿಗೆ ಎಲ್ಲರ ಹತ್ತಿರ ಇರುವ ಟ್ಯಾಂಕು ಬೇಡ. ಜರ್ಮನಿಯವರು ಆ ಯುದ್ಧದಲ್ಲಿ ಮಾಡಿದ ವಿಚಿತ್ರ ವಾಹನಗಳೇ ಆಗಬೇಕು. ಮುಂದೆ ಮೋಟರ್ ಸೈಕಲ್ಲಿನ ಗಾಲಿ, ಹಿಂದೆ ಟ್ಯಾಂಕಿನ ಸರಪಳಿ ಇದ್ದದ್ದೊಂದು. ನೆಲದ ಮೇಲೂ ನೀರಿನ ಮೇಲೂ ಹೋಗುವ, ಸರಪಳಿ ಹಾಕಿದ ದೋಣಿ ಇನ್ನೊಂದು. ಬಣ್ಣವಿಲ್ಲದ ಬೂದು ಮಾದರಿಗಳನ್ನು ಅವನು ಪಾರ್ಸೆಲ್ ಕಳಿಸುತ್ತಿದ್ದ. ರಘುವೀರ ಪುಸ್ತಕ, ಫೋಟೋ ಹುಡುಕಿ ಹಳದಿ, ಹಸಿರು, ಕೆಂಗಂದಿನ ಪಟ್ಟೆ ಬರೆದು, ಸಾಸಿವೆಯಷ್ಟು ಸಣ್ಣ ಅಂಕಿ ಹಾಕಿ ವಾಪಸು ಕೊಡುತ್ತಿದ್ದ. ಮನೆಯಲ್ಲಿ ಅವುಗಳಿಗೆ ಬೇರೆ ಹೆಸರು ಬಿದ್ದಿದ್ದವು: ಅರ್ಧ ಫಟಫಟಿ, ದೋಣಿಬಂಡಿ.

"ಇವೆಲ್ಲಾ ಯಾರ ಬಂಡಿಯೋ?" ಎಂದು ವತ್ಸಲಾಬಾಯಿ ಒಮ್ಮೆ ಕೇಳಿದ್ದರು.

"ಜರ್ಮನಿಯವರವು."

"ಗೆದ್ದರೇನು?"

"ಸೋತರು. ಸೋಲಬೇಕಾದವರ ಅವರು, ಭಾಳ ಕೆಟ್ಟ ಕೆಲಸಾ ಮಾಡಿದ್ರು."

"ಹಂಗಿದ್ದ ಮ್ಯಾಲ ಅವರ ಬಂಡಿಗೆ ಇಷ್ಟ್ಯಾಕ ಸಿಂಗಾರ?"

ರಘುವೀರ ಬ್ರಶ್ಶು ತೊಳೆಯಲು ಎದ್ದುಹೋಗಿದ್ದ. ಗೆರೆ ಎಳೆಯುವ ಕೈಗೆ ಒಂದು ಕೆಲಸ ಸಿಕ್ಕಿತ್ತು, ಅಷ್ಟೆ.

ಎರಡು ವರ್ಷದ ಹಿಂದೆ ಆ ಕೈ ನಡುಗತೊಡಗಿತು. ಮೊದಲು ಚಹಾದ ಬಟ್ಟಲು ತಟ್ಟೆಯ ಮೇಲೆ ಕಟಕಟ ಅಂದಿತು. ಆಮೇಲೆ ಸಹಿ ಕೆಟ್ಟಿತು. ಜಮಖಂಡಿಯಲ್ಲಿ ಯಾರಾದರೂ ಕಂಡಾರೆಂದು ಅವನು ಬೀಳಗಿಗೆ ಹೋಗಿ ಡಾಕ್ಟರಿಗೆ ತೋರಿಸಿದ. ವಂಶದಲ್ಲಿ ಬರುವ ನಡುಕ, ಜೀವಕ್ಕೆ ಅಪಾಯವಿಲ್ಲ, ಗುಳಿಗೆಯಿಂದ ಸ್ವಲ್ಪ ಕಡಿಮೆಯಾಗಬಹುದು ಎಂದರು. ಗುಳಿಗೆಯಿಂದ ನಿದ್ದೆ ಬಂತು, ನಡುಕ ಹೋಗಲಿಲ್ಲ. ಒಂದು ಮಧ್ಯಾಹ್ನ ಅರ್ಧ ಫಟಫಟಿಯ ಮೇಲೆ ಅಂಕಿ ಬರೆಯಲು ಹೋಗಿ ಮೂರು ಸಲ ಒರೆಸಿ, ನಾಲ್ಕನೆಯ ಸಲ ಬ್ರಶ್ಶನ್ನು ಗೋಡೆಗೆ ಒಗೆದ. ಅಕ್ಕಿ ಆರಿಸುತ್ತಿದ್ದ ಹರಿಪ್ರಿಯಾ ಎದ್ದು ಬಂದು ಬ್ರಶ್ಶು ಎತ್ತಿಕೊಂಡಳು. "ಕೊಡ್ರಿ ಇಲ್ಲೆ. ಏನ್ ಬರೀಬೇಕು?"

"ನಾಕನೂರಾ ಹನ್ನೆರಡು."

ಒಂದೇ ಸಲಕ್ಕೆ ಬರೆದಳು. ಮುಧೋಳದಲ್ಲಿ ಅವಳ ತಂದೆ ಕೈಗಡಿಯಾರ ರಿಪೇರಿ ಮಾಡುತ್ತಿದ್ದರು. ಮದುವೆಯಾಗುವ ತನಕ ಅವಳು ಅಪ್ಪನ ಪಕ್ಕ ಕೂತು, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ಮೊಳೆಗಳನ್ನು ಚಿಮಟದಿಂದ ಎತ್ತಿ ಕೂಡಿಸಿದವಳು. ರಘುವೀರನಿಗೆ ಇದು ಗೊತ್ತಿತ್ತು, ಆದರೆ ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ನೆನಪಿಗೆ ಬಂದಿರಲಿಲ್ಲ.

ಅವತ್ತು ಅಂಕಿ ಬರೆದಳು. ಮುಂದಿನ ವಾರ ಪಟ್ಟೆ. ಆಮೇಲೆ ತುಕ್ಕು, ಕೆಸರು, ಮಸಿ. ಆರು ತಿಂಗಳಲ್ಲಿ ರಘುವೀರ ಫೋಟೋ ಹುಡುಕಿ ಬಣ್ಣದ ಹೆಸರು ಹೇಳುವವನಾದ, ಉಳಿದದ್ದೆಲ್ಲ ಹರಿಪ್ರಿಯಾ ಮಾಡುವವಳಾದಳು. ಊಟದ ಪಾತ್ರೆ ತೊಳೆದು ಮೂರು ಗಂಟೆಗೆ ಕಿಟಕಿಯ ಹತ್ತಿರ ಕೂತರೆ ಸಂಜೆಯ ದೀಪ ಹಚ್ಚುವ ತನಕ ಏಳುತ್ತಿರಲಿಲ್ಲ. "ಸೊಸಿಗೆ ಗೊಂಬಿ ಹುಚ್ಚು ಹಿಡೀತು, ಚಹಾ ನಾಕರ ಬದಲಿ ಐದಕ್ಕ ಆತು," ಎಂದು ವತ್ಸಲಾಬಾಯಿ ಗೊಣಗುತ್ತಿದ್ದರು. ಬನಹಟ್ಟಿಯಲ್ಲಿ, ಪುಣೆಯಲ್ಲಿ, ಇಂಟರ್‌ನೆಟ್ಟಿನ ಪುಟದಲ್ಲಿ 'ಗಲಗಲಿ ಸರ್' ಹೆಸರು ದೊಡ್ಡದಾಗುತ್ತ ಹೋಯಿತು.

ಫೋನು ಬಂದ ಹತ್ತು ದಿನಕ್ಕೆ ಬಾಳಾಸಾಹೇಬ ಸ್ವತಃ ಮನೆಗೆ ಬಂದ. ಜಮಖಂಡಿ ಕೋರ್ಟಿನಲ್ಲಿ ಏನೋ ಕೆಲಸವಿತ್ತಂತೆ. ಚಪ್ಪಲಿ ಬಿಟ್ಟು ಒಳಗೆ ಬಂದವನೇ ಕಪಾಟಿನ ಮುಂದೆ ನಿಂತುಬಿಟ್ಟ. ಅಲ್ಲಿ ಆ ವಾರವಷ್ಟೇ ಮುಗಿಸಿದ ಲಾರಿಯೊಂದಿತ್ತು. ಯುದ್ಧದ ಕೊನೆಯ ದಿನಗಳಲ್ಲಿ ಪೆಟ್ರೋಲು ಸಿಗದೆ, ಕಟ್ಟಿಗೆ ಉರಿಸಿ ಅದರ ಗ್ಯಾಸಿನ ಮೇಲೆ ಓಡಿಸುತ್ತಿದ್ದ ಲಾರಿ. ಪಕ್ಕಕ್ಕೆ ಹಂಡೆಯಂಥ ಒಲೆ.

"ಸರ, ಈ ಮಸಿ!" ಬಾಳಾಸಾಹೇಬ ಲಾರಿಯನ್ನು ಅಂಗೈ ಮೇಲೆ ಇಟ್ಟುಕೊಂಡು ಬೆಳಕಿಗೆ ಹಿಡಿದ. "ಖರೇನ ಒಲಿ ಹಚ್ಚಿ ಆರಿಸಿದಂಗ ಐತಲ್ರಿ. ಹೆಂಗ ಹಚ್ಚಿದ್ರಿ ಇದನ್ನ?"

ಆ ಮಸಿಗಾಗಿ ಹರಿಪ್ರಿಯಾ ಹಿತ್ತಲಲ್ಲಿ ನೀರೊಲೆಯ ಮುಂದೆ ಅರ್ಧ ದಿನ ಕೂತಿದ್ದಳು. ಹಂಡೆಯ ಕಂಠದ ಕೆಳಗೆ ಎಲ್ಲಿ ಕಂದು ಇರುತ್ತದೆ, ಎಲ್ಲಿ ಕರಿ, ಎಲ್ಲಿ ಬೂದಿ ಇಳಿದ ಗೆರೆ ಎಂದು ನೋಡಿ, ಕೂದಲಿನ ಪಿನ್ನಿನಿಂದ ಖರೆ ಮಸಿಯನ್ನೇ ಕೆರೆದು ತಂದು ಹಚ್ಚಿದ್ದಳು. 'ಕರೀ ಬಣ್ಣಾ ಹಚ್ಚಿದರ ಕರೀ ಬಣ್ಣ ಕಾಣತದ, ಮಸಿ ಕಾಣಂಗಿಲ್ಲ,' ಎಂದಿದ್ದಳು.

"ಕರೀ ಬಣ್ಣಾ ಹಚ್ಚಿದರ ಕರೀ ಬಣ್ಣ ಕಾಣತದರಿ, ಮಸಿ ಕಾಣಂಗಿಲ್ಲ," ಎಂದ ರಘುವೀರ. "ಹಿತ್ತಲದಾಗ ನೀರೊಲಿ ಮುಂದ ಅರ್ಧ ದಿನ ಕೂತೆ. ಹಂಡೇದ್ದು ಖರೆ ಮಸೀನ ಕೆರಕೊಂಡು ಬಂದೆ."

ಹೇಳಿ ತಿರುಗಿದಾಗ ಹರಿಪ್ರಿಯಾ ಎರಡು ತಾಟು ಅವಲಕ್ಕಿ ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಅವಳು ಬಂದು ತಾಟುಗಳನ್ನು ಮೇಜಿನ ಮೇಲಿಟ್ಟಳು. ಬಾಳಾಸಾಹೇಬನ ಕಣ್ಣು ಅವಳ ಹೆಬ್ಬೆರಳ ಮೇಲೆ ಬಿತ್ತು. ಉಗುರಿನ ಅಂಚಿನಲ್ಲಿ ಹಸಿರು ಬಣ್ಣ ಒಣಗಿತ್ತು.

"ವೈನಿಯವರ, ಕೈಗೆ ಬಣ್ಣಾ ಹತ್ತೇತಲ್ರಿ? ನೀವೂ ಹಚ್ಚತೀರೇನು?"

ಹರಿಪ್ರಿಯಾ ಗಂಡನ ಕಡೆ ನೋಡಿದಳು. ಸುಮ್ಮನೆ ನೋಡಿದಳು, ಕೇಳಿಕೊಳ್ಳುವಂತೆಯೂ ಅಲ್ಲ, ಹೆದರಿಸುವಂತೆಯೂ ಅಲ್ಲ. ಹೌದು ಅನ್ನಲು ರಘುವೀರನಿಗೆ ಬೇಕಾದಷ್ಟು ಹೊತ್ತು ಸಿಕ್ಕಿತು.

"ಇಲ್ಲ ಇಲ್ಲ," ಎಂದು ನಕ್ಕ. "ಬ್ರಶ್ ತೊಳದ ಕೊಡತಾಳ, ಅಷ್ಟ."

"ಅದೂ ಬೇಕಲ್ರಿ ಮತ್ತ," ಎಂದು ಬಾಳಾಸಾಹೇಬನೂ ನಕ್ಕ. "ವೈನಿ, ನಿಮ್ಮ ಮನಿಯವರ ಕೈಯಾಗ ಜಾದೂ ಐತಿ ನೋಡ್ರಿ."

"ಚಹಾ ತರತೀನಿ," ಎಂದು ಹರಿಪ್ರಿಯಾ ಒಳಗೆ ಹೋದಳು.

ಅವತ್ತಿನಿಂದ ಅವಳು ಬ್ರಶ್ಶು ಮುಟ್ಟಲಿಲ್ಲ.

ಮೊದಲ ಎರಡು ದಿನ ರಘುವೀರ ಏನೂ ಆಗಿಲ್ಲವೆಂಬಂತೆ ಇದ್ದ. ಮೂರನೆಯ ದಿನ ಊಟಕ್ಕೆ ಕೂತಾಗ ಮಾತು ತೆಗೆದ.

"ಪ್ರಿಯಾ, ದೋಣಿಬಂಡಿ ಅರ್ಧಾ ಉಳದದ."

"ಉಳೀಲಿ."

"ಅವತ್ತಿನ ಮಾತಿಗೆ ಸಿಟ್ಟು ಬಂದದೇನು? ಏನೋ ಮಾತಿಗೆ ಅಂದೆ."

"ಮಾತಿಗೆ ಅಂದ್ರಿ. ನಾನೂ ಮಾತಿಗೆ ಬಿಟ್ಟೀನಿ. ಸಾರು ಹಾಕಲೇನು?"

"ಆಟಕ್ಕ ಇನ್ನು ಹದಿನೈದು ದಿನ ಅದ. ನಾಕು ಬಂಡಿ ಆಗಬೇಕು."

"ಅನ್ನ ಆರಲಿಕ್ಕತ್ತದ, ಉಣ್ರಿ."

ಊಟದಲ್ಲಿ ಯಾವ ಕೊರತೆಯೂ ಇರಲಿಲ್ಲ. ಚಹಾ ಸರಿಯಾಗಿ ನಾಲ್ಕಕ್ಕೆ ಬರತೊಡಗಿತು. ಶರ್ಟಿಗೆ ಇಸ್ತ್ರಿ, ಬುತ್ತಿಗೆ ಉಪ್ಪಿನಕಾಯಿ, ಎಲ್ಲ ಇದ್ದಲ್ಲೇ ಇದ್ದವು. ಒಂದು ದಿನವಾದರೂ ಸಾರಿಗೆ ಉಪ್ಪು ಹೆಚ್ಚಾಗಿದ್ದರೆ ಜಗಳ ತೆಗೆಯಬಹುದಿತ್ತು. ಮಧ್ಯಾಹ್ನ ಮೂರರಿಂದ ಅವಳು ಈಗ ಹಾಸಿಗೆಯ ಗವಸು ಹೊಲಿಯುತ್ತಿದ್ದಳು.

ಚಹಾ ಹೊತ್ತಿಗೆ ಬಂದರೂ ವತ್ಸಲಾಬಾಯಿಗೆ ಸಮಾಧಾನವಾಗಲಿಲ್ಲ. ಮಗನನ್ನು ಕರೆದು ಮಗ್ಗುಲಿಗೆ ಕೂಡಿಸಿಕೊಂಡರು.

"ಏ ರಘು, ನಿಮ್ಮಪ್ಪ ಮೂವತ್ತು ವರ್ಷ ಸಾಲಿ ಮಾಸ್ತರಿಕೆ ಮಾಡಿದರು. ಹುಡುಗೂರ ಗಣಿತದ ಪೇಪರ್ ತಿದ್ದತಿದ್ದದ್ದು ಯಾರು?"

"ನೀ ತಿದ್ದತಿದ್ದಿ. ಗೊತ್ತದ ನನಗ."

"ನಿನಗಷ್ಟ ಅಲ್ಲ, ಊರಿಗೇ ಗೊತ್ತಿತ್ತು. ಯಾರರ ಮಾರ್ಕ್ಸ್ ಕಡಿಮಿ ಬಿತ್ತಂತ ಬಂದರ, 'ಒಳಗ ಹೋಗಿ ವತ್ಸಲಾನ್ನ ಕೇಳ್ರಿ, ಅಕೀನ ತಿದ್ದ್ಯಾಳ' ಅಂತಿದ್ರು. ಬೈಸಿಕೊಳ್ಳೂದೂ ನನ್ನ ಪಾಲಿಗೇ ಬರತಿತ್ತು. ಆದರ ಮುಚ್ಚಿಡಲಿಲ್ಲಪಾ ಕೃಷ್ಣಾಜಿ ಮಾಸ್ತರು. ನೀ ಯಾರನ್ನ ಹೋಲತೀಯೋ?"

"ಆಯೀ, ಅದಕ್ಕೂ ಇದಕ್ಕೂ ಭಾಳ ಫರಕ ಅದ."

"ಏನ್ ಫರಕು? ಹೇಳು, ಕೇಳತೀನಿ."

ರಘುವೀರ ಎದ್ದು ಅಂಗಳಕ್ಕೆ ಹೋದ.

ಆ ವಾರವೇ ಬಾಳಾಸಾಹೇಬ ಆಟದ ಜಾಹೀರಾತು ಮಾಡಿಸಿ ಕಳಿಸಿದ. ನಡುವೆ ರಘುವೀರನ ಫೋಟೋ, ಕೆಳಗೆ 'ಕುಂಚದ ಮಾಂತ್ರಿಕ' ಎಂಬ ಅಕ್ಷರ. ಕಚೇರಿಯ ಜವಾನ ಹುಲೆಪ್ಪ ಅದನ್ನು ಎಲ್ಲಿಂದಲೋ ಕಂಡು, ಚಹಾದಂಗಡಿಯಲ್ಲಿ ಎಲ್ಲರಿಗೂ ಮೊಬೈಲು ತೋರಿಸಿದ. "ನಮ್ಮ ಸಾಹೇಬ್ರ ಕೈ ಅಂದ್ರ ಸುಮ್ನ ಅಲ್ರಿ," ಎನ್ನುತ್ತಿದ್ದ. ಅದೇ ಕೈಯನ್ನು ರಘುವೀರ ಪ್ಯಾಂಟಿನ ಜೇಬಿನಲ್ಲಿ ಇಟ್ಟುಕೊಂಡು ನಿಂತಿದ್ದ. ಚಹಾದ ಗ್ಲಾಸು ಕಟ್ಟೆಯ ಮೇಲೆ ಆರಿತು, ಎತ್ತಲಿಲ್ಲ.

ಮನೆಗೆ ಬಂದು ದೋಣಿಬಂಡಿಯನ್ನು ತಾನೇ ಮುಗಿಸಲು ಕೂತ. ಬಲಗೈ ಮಣಿಕಟ್ಟನ್ನು ಎಡಗೈಯಿಂದ ಹಿಡಿದ, ಮೊಣಕೈ ಕೆಳಗೆ ಪುಸ್ತಕ ಇಟ್ಟ, ಉಸಿರು ಬಿಗಿಹಿಡಿದ. ಹಸಿರು ಪಟ್ಟೆ ಹಾವಿನಂತೆ ಹರಿದು ಹರಿಪ್ರಿಯಾ ಬರೆದ ಅಂಕಿಯ ಮೇಲೇ ಹೋಯಿತು. ಒರೆಸಲು ಹೋಗಿ ಎರಡೂ ಅಳಿಸಿದವು. ಅವನ ಮಗಳು ಕೇತಕಿ ಕಾಲೇಜಿನಿಂದ ಬಂದವಳು ಚೀಲ ಇಳಿಸುತ್ತ ನೋಡಿದಳು. ಬಿ.ಎಸ್ಸಿ. ಎರಡನೆಯ ವರ್ಷ. ಇಂಟರ್‌ನೆಟ್ಟಿನ ಪುಟ ನೋಡಿಕೊಳ್ಳುವವಳು ಅವಳೇ.

"ಅಪ್ಪಾ, ಅಮ್ಮ ಬರದದ್ದನ್ನ ಅಳಿಸಿದಿರಲ್ಲಾ."

"ನನಗ ಕಾಣತದ."

"ಪೇಜಿನ ಮ್ಯಾಲ ಹೆಸರು ಬದಲೀ ಮಾಡಲೇನು? ಮೊದಲು ನಾ ಅಮ್ಮನ ಹೆಸರೂ ಹಾಕಿದ್ದೆ. ನೀವ ತಗಿ ಅಂದ್ರಿ."

"ಮನೀ ಹೆಣ್ಣಮಕ್ಕಳ ಹೆಸರು ಊರ ತುಂಬಾ ಯಾಕಂತ ಅಂದೆ."

"ನನ್ನ ಫೋಟೋ ಕಾಲೇಜಿನ ಪೇಜಿನ್ಯಾಗ ಬಂದಾಗ ಎಲ್ಲಾರಿಗೂ ತೋರಿಸಿದ್ರಿ. ಆವಾಗ ನಾ ಮನೀ ಹೆಣ್ಣಮಗಳು ಆಗಿದ್ದಿಲ್ಲೇನು?"

"ಬಾಯಿ ಮುಚ್ಚು!" ರಘುವೀರ ಕೂಗಿದ. ಒಳಗೆ ಹೊಲಿಗೆ ಯಂತ್ರದ ಸದ್ದು ನಿಂತು, ಮತ್ತೆ ಶುರುವಾಯಿತು.

ಕೇತಕಿ ಬಾಯಿ ಮುಚ್ಚಿದಳು. ಮೊಬೈಲು ತೆಗೆದು, ಪುಟದ ಗುಪ್ತಸಂಖ್ಯೆಯನ್ನು ಒಂದು ಚೀಟಿಯಲ್ಲಿ ಬರೆದು ಅವನ ಮುಂದಿಟ್ಟಳು. "ಇನ್ನ ನೀವ ನಡಸ್ರಿ."

ಆಟದ ದಿನ ಬಂತು. ಬಾಳಾಸಾಹೇಬ ಮನೆಯವರನ್ನೆಲ್ಲ ಕರೆದಿದ್ದ, ಕಾರು ಕಳಿಸುತ್ತೇನೆಂದಿದ್ದ. ಬೇಡವೆಂದು ರಘುವೀರ ಒಬ್ಬನೇ ಬಸ್ಸಿಗೆ ಹೊರಟ. ಹರಿಪ್ರಿಯಾ ಬಾಗಿಲ ತನಕ ಬಂದಳು. "ಛತ್ರಿ ಬ್ಯಾಡೇನು?" ಎಂದಷ್ಟೇ ಕೇಳಿದಳು.

ಬಸ್‌ಸ್ಟ್ಯಾಂಡಿನ ಹತ್ತಿರ ಔಷಧಿ ಅಂಗಡಿಯಲ್ಲಿ ಬಿಳಿ ಪಟ್ಟಿ ಕೊಂಡು, ಬಸ್ಸಿನಲ್ಲಿ ಕೂತು ಬಲಗೈಗೆ ಸುತ್ತಿಕೊಳ್ಳತೊಡಗಿದ. ಒಂದೇ ಕೈಯಿಂದ ಗಂಟು ಬೀಳಲೊಲ್ಲದು. ಪಕ್ಕದಲ್ಲಿ ರಬಕವಿಗೆ ಹೊರಟ ಮುದುಕಿಯೊಬ್ಬಳು ಸ್ವಲ್ಪ ಹೊತ್ತು ನೋಡಿ, "ತರ್ರಿ ಇಲ್ಲೆ," ಎಂದು ತಾನೇ ಬಿಗಿದು ಕಟ್ಟಿದಳು.

"ಮನ್ಯಾಗ ಯಾರೂ ಇಲ್ಲೇನ್ರಿ ಕಟ್ಟಾಕ? ಏನ್ ಮಾಡಕೊಂಡ್ರಿ?"

"ಎಣ್ಣಿ ಸಿಡೀತು."

"ಅಡಗಿ ನೀವ ಮಾಡತೀರೇನು? ಪುಣ್ಯಾ ಮಾಡ್ಯಾಳ ಬಿಡ್ರಿ ನಿಮ್ಮ ಹೆಂಡತಿ."

ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲಿನ ಹಿಂದೆ ಬಸ್ಸು ತೆವಳುತ್ತ ಹೋಯಿತು. ರಘುವೀರ ಕಿಟಕಿಯ ಕಡೆ ಮುಖ ತಿರುಗಿಸಿಕೊಂಡು ಬನಹಟ್ಟಿ ಮುಟ್ಟುವ ತನಕ ಕೂತ.

ಮಾಳಿಗೆಯ ಮೇಲೆ ಇಪ್ಪತ್ತೈದು ಜನ ಸೇರಿದ್ದರು. ಕೆಳಗೆ ಮಗ್ಗಗಳು ಖಟಖಟ ನಡೆದಿದ್ದವು, ನೆಲ ಸಣ್ಣಗೆ ಅದುರುತ್ತಿತ್ತು. ಉದ್ದನೆಯ ಮೇಜಿನ ತುಂಬ ಯುದ್ಧ. ಕಟ್ಟಿಗೆ ಲಾರಿಯನ್ನು ಒಂದು ಗಾಜಿನ ಡಬ್ಬಿಯಲ್ಲಿ ಪ್ರತ್ಯೇಕ ಇಟ್ಟಿದ್ದರು. ಪಕ್ಕದಲ್ಲಿ ಸಣ್ಣ ಮೇಜು, ಬಿಳಿ ಬಟ್ಟೆ, ಹೊಸ ಬ್ರಶ್ಶುಗಳು, ದೀಪ, ಒಂದು ಬೂದು ಮಾದರಿ, ಅವನಿಗಾಗಿ ಕುರ್ಚಿ.

ಪಟ್ಟಿ ಕಂಡು ಬಾಳಾಸಾಹೇಬನ ಮುಖ ಇಳಿಯಿತು. "ಅಯ್ಯ ಸರ, ಇದೇನ್ರಿ?"

"ಏನಿಲ್ಲ, ಎಣ್ಣಿ ಸಿಡೀತು. ಇವತ್ತ ಬರೇ ಬಾಯಿಲೆ ಹೇಳತೀನಿ."

"ಸರ, ಒಂದ್ ನಿಮಿಷ ತೋರಸ್ರಿ," ಎಂದು ಒಬ್ಬರು ಮುಂದೆ ಬಂದರು. "ನಾ ಪರಮಾನಂದ. ಮುಧೋಳದಾಗ ಡಾಕ್ಟರ್ ಅದೀನಿ. ಸುಟ್ಟ ಗಾಯಕ್ಕ ಹಿಂಗ ಬಿಗಿ ಕಟ್ಟಬಾರದ್ರಿ, ಚರ್ಮ ಕಿತ್ತು ಬರತೈತಿ. ಯಾರ ಕಟ್ಟ್ಯಾರ ಇದನ್ನ?"

"ಬ್ಯಾಡ್ರಿ, ನಡೀತದ."

"ನಡ್ಯಾಂಗಿಲ್ರಿ. ಇಂಥಾ ಕೈ ಇದು, ಹಾಳಾದ್ರ ಹೆಂಗ?" ಡಾಕ್ಟರು ನಗುತ್ತಲೇ ಕೈ ಹಿಡಿದುಕೊಂಡು ಗಂಟು ಬಿಚ್ಚತೊಡಗಿದರು. ಜನ ಸುತ್ತ ನಿಂತರು. ಎಳೆದುಕೊಂಡರೆ ಜಗಳದಂತೆ ಕಾಣುತ್ತದೆ. ರಘುವೀರ ಎಳೆದುಕೊಳ್ಳಲಿಲ್ಲ. ಒಂದು ಸುತ್ತು, ಎರಡು ಸುತ್ತು, ಬಿಳಿ ಪಟ್ಟಿ ಮೇಜಿನ ಮೇಲೆ ಗುಪ್ಪೆಯಾಗಿ ಬಿತ್ತು.

ಕೈ ಮೇಲೆ ಏನೂ ಇರಲಿಲ್ಲ. ಎಲ್ಲರ ಎದುರು ಅದು ನಡುಗುತ್ತಿತ್ತು.

ಡಾಕ್ಟರು ಕೈಯನ್ನು ನೋಡಿದರು, ಮುಖವನ್ನು ನೋಡಿದರು. ತಟ್ಟನೆ ತಿಳಿದವರಂತೆ ಪಟ್ಟಿಯನ್ನು ಮತ್ತೆ ಸುತ್ತಲು ಹೋದರು. ಆ ಕನಿಕರ ರಘುವೀರನಿಗೆ ತಡೆಯಲಾಗಲಿಲ್ಲ.

"ಸುಟ್ಟಿಲ್ರಿ," ಎಂದ. "ಎರಡು ವರ್ಷಾತು ಹೀಂಗ ನಡಗಲಿಕ್ಕತ್ತಿ. ಈ ಎರಡು ವರ್ಷದಾಗ ನಿಮಗ ಕೊಟ್ಟ ಬಂಡಿ ಒಂದೂ ನಾ ಹಚ್ಚಿದ್ದಲ್ಲ. ಎಲ್ಲಾ ನನ್ನ ಹೆಂಡತಿ ಹಚ್ಚ್ಯಾಳ. ಆ ಮಸೀನೂ ಅಕೀದ."

ಪುಣೆಯವರೊಬ್ಬರು ಮರಾಠಿಯಲ್ಲಿ ಏನಾಯಿತೆಂದು ಪಕ್ಕದವರನ್ನು ಕೇಳಿದರು. ಪಕ್ಕದವರು ಮೆಲ್ಲಗೆ ಹೇಳಿದರು. ಹೇಳಿ ಮುಗಿಯುವ ತನಕ ರಘುವೀರ ನಿಂತಿರಬೇಕಾಯಿತು.

"ಸರ," ಎಂದ ಬಾಳಾಸಾಹೇಬ ಕೊನೆಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಕೈ ನಡಗತೈತಿ ಅಂದಿದ್ರ ನಾವೇನ್ ಅಂತಿದ್ವಿ? ನಾ ನಿಮ್ಮ ಮನ್ಯಾಗ ಕೇಳಿದ್ನೆಲ್ರಿ. ವೈನಿ ಎದುರಿಗೇ ಕೇಳಿದ್ದೆ."

"ಹೌದು. ಕೇಳಿದ್ರಿ."

ಯಾರೂ ಅವನಿಗೆ ಹೋಗು ಅನ್ನಲಿಲ್ಲ. ಊಟ ಹಾಕಿದರು. ಹೋಳಿಗೆ ಬಡಿಸಿದರು. ಡಾಕ್ಟರು ಪಕ್ಕ ಕೂತು ತಮ್ಮ ತಂದೆಗೂ ಇಂಥದೇ ನಡುಕ ಇತ್ತೆಂದು ಹೇಳಿದರು. ಆಟ ಶುರುವಾದ ಮೇಲೆ ಎಲ್ಲರೂ ಮೇಜಿಗೆ ಬಾಗಿದರು. ಬಿಳಿ ಬಟ್ಟೆಯ ಸಣ್ಣ ಮೇಜು ಖಾಲಿ ಉಳಿಯಿತು. ಮೂರರ ಬಸ್ಸಿಗೆ ಅವನು ಎದ್ದ.

ಮನೆಗೆ ಬಂದಾಗ ಹರಿಪ್ರಿಯಾ ಒಣಗಿದ ಬಟ್ಟೆ ಮಡಿಚುತ್ತಿದ್ದಳು. ರಘುವೀರ ಅವಳ ಮುಂದೆ ಕೂತು ಎಲ್ಲ ಹೇಳಿದ. ಪಟ್ಟಿ, ಮುದುಕಿ, ಡಾಕ್ಟರು, ಯಾವುದನ್ನೂ ಬಿಡಲಿಲ್ಲ. ಅವಳು ಒಂದು ಸೀರೆ, ಎರಡು ಶರ್ಟು ಮಡಿಚಿಟ್ಟಳು.

"ಡಾಕ್ಟರು ಪಟ್ಟಿ ಬಿಚ್ಚದಿದ್ದರ?"

ಅವನು ಸುಳ್ಳು ಹೇಳಬಹುದಿತ್ತು. "ಹೇಳತಿದ್ದಿಲ್ಲ."

"ಖರೆ ಹೇಳಿದ್ರಿ." ಅವಳು ಇನ್ನೊಂದು ಶರ್ಟು ಎತ್ತಿಕೊಂಡಳು. "ಸಿಕ್ಕಿಬಿದ್ದ ಮ್ಯಾಲ ಇಪ್ಪತ್ತೈದು ಮಂದಿ ಮುಂದ ಹೇಳಿದ್ರಿ. ನನ್ನ ಮುಂದ ಒಂದ್ ದಿನ ಹೇಳಲಿಲ್ಲ. ಎಷ್ಟ್ ಛಲೋ ಹಚ್ಚೀ ಅಂತ, ಒಂದ್ ದಿನ. ಒಣಗ್ಯದೇನು, ಪ್ಯಾಕ್ ಮಾಡಲೇನು, ಇಷ್ಟ ಕೇಳತಿದ್ರಿ."

ರಘುವೀರ ಬಾಯಿ ತೆರೆದ.

"ಈಗ ಹೇಳಬ್ಯಾಡ್ರಿ," ಎಂದಳು ಅವಳು. "ಈಗ ಹೇಳಿದರ ನಾ ಕೇಳಿ ಹೇಳಿಸಿಕೊಂಡಂಗ ಆಗತದ."

ಎರಡು ವಾರ ಕಳೆಯಿತು. ಕಚೇರಿಯಲ್ಲಿ ಹುಲೆಪ್ಪ ಮೊಬೈಲು ತೋರಿಸುವುದನ್ನು ಬಿಟ್ಟ. ಸುದ್ದಿ ಅಲ್ಲಿಗೂ ಮುಟ್ಟಿತ್ತು. ಮನೆಯಲ್ಲಿ ಯಾರೂ ಅವನನ್ನು ಹಂಗಿಸಲಿಲ್ಲ. ಮುಂಜಾನೆ ನೀರು ತುಂಬುವುದು, ತಾಯಿಯ ಹಾಸಿಗೆ ತೆಗೆಯುವುದು ತಾನೇ ಮಾಡತೊಡಗಿದ. ಅದನ್ನೂ ಯಾರೂ ಹೊಗಳಲಿಲ್ಲ. ಕೇತಕಿ ಮಾತಿಗೆ ಮಾತು ಕೊಡುತ್ತಿದ್ದಳು, ಅಷ್ಟೆ.

ಒಂದು ಬುಧವಾರ ಬಾಳಾಸಾಹೇಬನ ಪಾರ್ಸೆಲ್ ಬಂತು. ಮೇಲೆ 'ಶ್ರೀಮತಿ ಹರಿಪ್ರಿಯಾ ಗಲಗಲಿ' ಎಂದಿತ್ತು. ಅವಳು ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ, ಭಾನುವಾರ ಮುಂಜಾನೆ, ಈಳಿಗೆಯಿಂದ ದಾರ ಕೊಯ್ದು ಬಿಚ್ಚಿದಳು. ಎರಡು ದೋಣಿಬಂಡಿ ಇದ್ದವು. ಜೊತೆಗೆ ಬೆರಳ ತುದಿಯಷ್ಟಿನ, ಸರಪಳಿ ಸುತ್ತಿದ, ಚಪ್ಪಟೆ ಪೆಟ್ಟಿಗೆಯಂಥ ಆರು ತುಣುಕು. ಒಂದನ್ನು ಚಿಮಟದಿಂದ ಎತ್ತಿ ಹಿಡಿದಳು.

"ಇದೇನು? ಒಳಗ ಯಾರು ಕೂಡತಿದ್ರು ಇಷ್ಟ ಸಣ್ಣದ್ರಾಗ?"

"ಯಾರೂ ಕೂಡತಿದ್ದಿಲ್ಲ." ರಘುವೀರ ಹತ್ತಿರ ಬಂದ. "ಖರೇದ್ದು ನಮ್ಮ ಮೊಣಕಾಲಷ್ಟ ಎತ್ತರ ಇರತಿತ್ತು. ಒಳಗ ಮದ್ದು ತುಂಬತಿದ್ರು. ಹಿಂದ ಉದ್ದನ್ನ ವೈರ್. ಸೈನಿಕ ದೂರ ಅಡಗಿ ಕೂತು ವೈರ್ ಹಿಡದು ನಡಸತಿದ್ದ. ಮಂದಿ ಇದ್ದ ಮನಿಗೆ, ಗ್ವಾಡಿಗೆ ಹೋಗಿ ಹತ್ತತಿತ್ತು. ಆಮ್ಯಾಲ ಸಿಡೀತಿತ್ತು, ತಾನೂ ಉಳೀತಿದ್ದಿ‌ಲ್ಲ."

"ಮಂದಿ ಇದ್ದ ಮನಿಗೆ?"

"ಪೋಲಂಡದಾಗ ಒಂದ್ ಊರಿಗೂರ ತಿರುಗಿ ಬಿದ್ದಾಗ ಇದನ್ನ ಓಣ್ಯಾಗ ಬಿಟ್ಟಿದ್ರು."

ಹರಿಪ್ರಿಯಾ ಆ ತುಣುಕನ್ನು ಕೆಳಗಿಟ್ಟಳು. "ಮತ್ತ ಆ ದೋಣಿ? ಆ ಕಟ್ಟಿಗೀ ಲಾರಿ? ಅವುಗಳ ಕತೀನೂ ಗೊತ್ತದೇನು ನಿಮಗ?"

"ಗೊತ್ತದ. ಎಲ್ಲಾ ಓದೀನಿ."

"ಎರಡು ವರ್ಷ ನನ್ನ ಕಡೆ ಹಚ್ಚಿಸಿದ್ರಿ. ಹಸಿರು ಹಚ್ಚು, ಹಳದೀ ಹಚ್ಚು ಅಂದ್ರಿ. ಇದು ಏನು, ಎಲ್ಲಿ ಹೋಗತಿತ್ತು, ಏನ್ ಮಾಡತಿತ್ತು ಅಂತ ಒಮ್ಮೆರ ಹೇಳಿದ್ರೇನು?"

ಇಲ್ಲ. ಹೇಳಿರಲಿಲ್ಲ. ಅವಳು ಕೇಳಬಹುದೆಂದು ಅವನಿಗೆ ಹೊಳೆದೇ ಇರಲಿಲ್ಲ. ಬನಹಟ್ಟಿಯಲ್ಲಿ ಇಪ್ಪತ್ತೈದು ಜನರ ಎದುರು ನಿಂತಾಗ ಆಗಿದ್ದಕ್ಕಿಂತ ಹೆಚ್ಚು ನಾಚಿಕೆ ಈಗ ಆಯಿತು.

"ದೋಣಿ ಹಚ್ಚತೀನಿ," ಎಂದಳು ಅವಳು, ಆರು ತುಣುಕುಗಳನ್ನು ಪೆಟ್ಟಿಗೆಗೆ ಹಾಕುತ್ತ. "ಇವು ಬ್ಯಾಡ. ತಿರುಗಿ ಕಳಸ್ರಿ."

ಹನ್ನೊಂದರ ಹೊತ್ತಿಗೆ ಬಾಳಾಸಾಹೇಬನ ಫೋನು ಬಂತು. ಹರಿಪ್ರಿಯಾ ಭಕ್ಕರಿಗೆ ಕೂತಿದ್ದಳು. ಎರಡೂ ಕೈಗೆ ಹಿಟ್ಟು. ರಘುವೀರ ಎತ್ತಿಕೊಂಡ.

"ಸರ, ಪಾರ್ಸಲ್ ಮುಟ್ಟಿತೇನ್ರಿ? ಆ ಸಣ್ಣವು ಆರೂ ಮುಂದಿನ ಆಟಕ್ಕ ಬೇಕಾಗ್ಯಾವು."

"ಆರೂ ಆಗಂಗಿಲ್ರಿ. ಅವರು ಒಲ್ಲೆ ಅಂದಾರ."

"ಯಾರು ಒಲ್ಲೆ ಅಂದಾರ್ರಿ?"

"ಹರಿಪ್ರಿಯಾ ಅವರು." ಹೆಂಡತಿಯನ್ನು ಹಾಗೆ ಕರೆದದ್ದು ಅವನ ಕಿವಿಗೇ ಹೊಸದಾಗಿತ್ತು. ಬಾಗಿಲಲ್ಲಿ ಕೂತಿದ್ದ ವತ್ಸಲಾಬಾಯಿ ತಲೆ ಎತ್ತಿದರು.

"ಯಾಕಂತ್ರಿ ಸರ?"

"ಅವರನ್ನ ಕೇಳ್ರಿ."

ಅವನು ಬಾಗಿ ಫೋನನ್ನು ಅವಳ ಕಿವಿಗೆ ಹಿಡಿದ. ಕೈ ನಡುಗಿ ಫೋನು ಅವಳ ಓಲೆಗೆ ಟಕಟಕ ಬಡಿಯಿತು. ಹರಿಪ್ರಿಯಾ ಅವನತ್ತ ನೋಡದೆ ತಲೆ ವಾಲಿಸಿ, ಫೋನನ್ನು ಕೆನ್ನೆ ಹೆಗಲುಗಳ ನಡುವೆ ಒತ್ತಿಕೊಂಡಳು.

"ಬಿಡ್ರಿ. ನಾ ಹಿಡಕೋತೀನಿ." ಆಮೇಲೆ ಫೋನಿಗೆ, "ಹಾಂ, ಹೇಳ್ರಿ. ನಾನ ಮಾತಾಡೂದು. ಯಾಕಂತ ಕೇಳಿದ್ರೇನು? ಹೇಳತೀನಿ, ಕೇಳ್ರಿ."

ಹಂಚಿನ ಮೇಲಿನ ಭಕ್ಕರಿ ಸೀಯುವ ವಾಸನೆ ಬಂತು. ರಘುವೀರ ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಂಚು ಎಬ್ಬಿಸಿ ತಿರುವಿಹಾಕಲು ಹೋದ. ಮೊದಲ ಸಲಕ್ಕೆ ಜಾರಿತು. ಎರಡನೆಯ ಸಲ ನಡುವೆ ಹರಿದು, ಅರ್ಧ ಮಾತ್ರ ತಿರುಗಿತು. ಅವಳು ಮಾತಾಡುತ್ತಲೇ ಇದ್ದಳು. ಅವನು ಉಳಿದರ್ಧಕ್ಕೆ ಮತ್ತೆ ಕೈ ಹಾಕಿದ.